ಅಮೆರಿಕದಲ್ಲಿ ಕಡಿಮೆ ಖರ್ಚಿನ .22 ರೈಫಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿದ್ದು .22 ರೈಫಲಿನಲ್ಲಿ (ನಳಿಗೆಯ ಒಳ ಅಗಲ ಸುಮಾರು 0.22 ಇಂಚು ಇರುವ ಬಂದೂಕು) ಗುರಿ ಅಭ್ಯಾಸ ಶುರು ಮಾಡಬೇಕು ಅಂದುಕೊಂಡಿರುವ ನಮ್ಮವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಬೆಲೆಗಳೆಲ್ಲ ಅಂದಾಜು. ಅಂಗಡಿ, ರಾಜ್ಯ, ಸೇಲ್ ನೋಡಿಕೊಂಡು ಆಚೆ ಈಚೆ ಆಗುತ್ತವೆ. ನಾನು ವಕೀಲನಲ್ಲ. ಕಾನೂನಿನ ಮಾತು ಬಂದ ಕಡೆ ನಿಮ್ಮ ರಾಜ್ಯದ ನಿಯಮವನ್ನು ನೀವೇ ಒಮ್ಮೆ ಓದಿ ನೋಡಿ.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ರೈಫಲ್ ಕೊಳ್ಳಬಹುದಾ?

ಯಾವ ಕಂಪನಿ, ಎಷ್ಟು ಬೆಲೆ ಅನ್ನುವುದಕ್ಕಿಂತ ಮೊದಲು ಇತ್ಯರ್ಥ ಆಗಬೇಕಾದ ಪ್ರಶ್ನೆ ಇದು. ವಲಸೆಗಾರರಲ್ಲದವರ ವೀಸಾದಲ್ಲಿ ಬಂದವರು, ಅಂದರೆ ಎಚ್-1ಬಿ, ಎಚ್-4, ಎಲ್-1, ಎಫ್-1, ಬಿ-2 ಇವರೆಲ್ಲ, ಬಂದೂಕನ್ನಾಗಲಿ ತೋಟಾಗಳನ್ನಾಗಲಿ ಇಟ್ಟುಕೊಳ್ಳುವಂತಿಲ್ಲ ಎಂದು ಫೆಡರಲ್ ಕಾನೂನು ಹೇಳುತ್ತದೆ. ಕೊಳ್ಳುವುದು ಮಾತ್ರ ಅಲ್ಲ, ಕೈಯಲ್ಲಿ ಹಿಡಿಯುವುದೂ ಇದರಲ್ಲಿ ಬರುತ್ತದೆ. ರೇಂಜ್‌ನಲ್ಲಿ, ಅಂದರೆ ಗುಂಡು ಹಾರಿಸುವ ಅಭ್ಯಾಸದ ಜಾಗದಲ್ಲಿ, ಗಂಟೆಯ ಲೆಕ್ಕಕ್ಕೆ ಬಾಡಿಗೆಗೆ ತೆಗೆದುಕೊಂಡರೂ ಅದೇ ಕಾನೂನು.

ಇದಕ್ಕೆ ವಿನಾಯಿತಿಗಳಿವೆ. ಜನ ಹೆಚ್ಚಾಗಿ ಬಳಸುವುದು ಬೇಟೆ ಪರವಾನಗಿಯದ್ದು. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ನಿಮ್ಮ ಬಳಿ ಇದ್ದರೆ ಈ ನಿಷೇಧ ನಿಮಗೆ ಅನ್ವಯಿಸುವುದಿಲ್ಲ. ಮೊಟ್ಟೆಯನ್ನೂ ಮುಟ್ಟದ ನಮ್ಮ ಹುಡುಗರು ಬೇಟೆ ತರಗತಿಯಲ್ಲಿ ಕೂತು, ಜಿಂಕೆಯ ಚರ್ಮ ಸುಲಿಯುವ ಪಾಠ ಕೇಳಿ, ಪರೀಕ್ಷೆ ಪಾಸು ಮಾಡಿ ಪರವಾನಗಿ ತೆಗೆದುಕೊಳ್ಳುವುದು ಇದಕ್ಕೇ. ಪರವಾನಗಿಯ ಅವಧಿ ಮುಗಿದ ದಿನವೇ ವಿನಾಯಿತಿಯೂ ಮುಗಿಯುತ್ತದೆ. ನವೀಕರಿಸಲು ಮರೆತರೆ ಅದು ಸಣ್ಣ ದಂಡ ಕಟ್ಟಿ ಮುಗಿಯುವ ವಿಷಯವಲ್ಲ. ಇದು ಫೆಲನಿ, ಅಂದರೆ ಗಂಭೀರ ಅಪರಾಧ, ವೀಸಾಕ್ಕೂ ಮುಂದಿನ ಗ್ರೀನ್ ಕಾರ್ಡಿಗೂ ಕುತ್ತು ತರುತ್ತದೆ. ನನ್ನನ್ನು ಕೇಳಿದರೆ, ಗ್ರೀನ್ ಕಾರ್ಡ್ ಬರುವವರೆಗೆ ಏರ್ ರೈಫಲ್‌ನಲ್ಲಿ ಅಭ್ಯಾಸ ಮಾಡಿ. ಫೆಡರಲ್ ಕಾನೂನಿನ ಲೆಕ್ಕದಲ್ಲಿ ಅದು ಬಂದೂಕೇ ಅಲ್ಲ, ಆದರೆ ಕೆಲವು ರಾಜ್ಯಗಳು ಅದಕ್ಕೂ ನಿಯಮ ಮಾಡಿವೆ. ಇಲ್ಲ, .22 ಬೇಕೇ ಬೇಕು ಅಂದರೆ ಮೊದಲು ವಲಸೆ ವಕೀಲರನ್ನು ಕೇಳಿ, ಆಮೇಲೆ ಅಂಗಡಿಗೆ ಹೋಗಿ.

ಅಪ್ಪ ಮಿಲಿಟರಿಯಲ್ಲಿದ್ದವರು. ಬಿ-2 ವೀಸಾದಲ್ಲಿ ಮೂರು ತಿಂಗಳಿಗೆ ಬಂದಿದ್ದಾರೆ. ರೇಂಜಿಗೆ ಕರೆದುಕೊಂಡು ಹೋಗಬಹುದಾ?

ಕರೆದುಕೊಂಡು ಹೋಗಿ, ನೋಡಲಿ. ಕೈಗೆ ರೈಫಲ್ ಕೊಡಬೇಡಿ. ಅವರು ಎಷ್ಟು ವರ್ಷ ಸೇವೆ ಮಾಡಿದ್ದರೂ ಇಲ್ಲಿ ಅವರು ಬಿ-2 ವೀಸಾದವರು, ಮೇಲೆ ಹೇಳಿದ ನಿಯಮವೇ ಅವರಿಗೂ. ಬೇಜಾರಾಗುತ್ತದೆ, ಗೊತ್ತು.

ಮನೆಯಲ್ಲಿ ಒಬ್ಬರಿಗೆ ಗ್ರೀನ್ ಕಾರ್ಡ್ ಇದ್ದು ಇನ್ನೊಬ್ಬರು ಎಚ್-4ನಲ್ಲಿದ್ದರೂ ಇದೇ ತೊಡಕು. ರೈಫಲ್ ನಿಮ್ಮ ಹೆಸರಿನಲ್ಲಿದ್ದರೆ ಸಾಲದು. ಅದನ್ನಿಟ್ಟ ಕಪಾಟಿನ ಬೀಗದ ನಂಬರ್ ನಿಮ್ಮ ಹೆಂಡತಿಗೋ ಗಂಡನಿಗೋ ಗೊತ್ತಿದ್ದರೆ, ಅವರ ಹಿಡಿತದಲ್ಲೂ ಇತ್ತು ಎಂದು ವಾದಿಸಲು ಅವಕಾಶ ಇದೆ. ಬೀಗದ ಕೈ ನಿಮ್ಮ ಬಳಿ ಮಾತ್ರ ಇರಲಿ.

ಗ್ರೀನ್ ಕಾರ್ಡ್ ಇದೆ. ಅಂಗಡಿಯಲ್ಲಿ ಏನು ಕೇಳುತ್ತಾರೆ?

4473 ಅನ್ನುವ ಫಾರಂ ತುಂಬಿಸುತ್ತಾರೆ. ಈಗಿನ ವಿಳಾಸ ಇರುವ ಸರ್ಕಾರಿ ಗುರುತಿನ ಚೀಟಿ ಬೇಕು, ಗ್ರೀನ್ ಕಾರ್ಡಿನಲ್ಲಿರುವ ಏಲಿಯನ್ ನಂಬರ್ ಬೇಕು. ಮನೆ ಬದಲಿಸಿ ಲೈಸೆನ್ಸಿನಲ್ಲಿ ಹಳೇ ವಿಳಾಸವೇ ಇದ್ದರೆ ಅಲ್ಲೇ ವಾಪಸ್ ಕಳಿಸುತ್ತಾರೆ. ಆಮೇಲೆ ಎಫ್‌ಬಿಐ ನಡೆಸುವ ಹಿನ್ನೆಲೆ ತಪಾಸಣೆ. ಅದು ಐದು ನಿಮಿಷದಲ್ಲಿ ಮುಗಿಯಬಹುದು, ಕೆಲವು ದಿನ ತಡವೂ ಆಗಬಹುದು.

ಫಾರಂನಲ್ಲಿ ಗಾಂಜಾ ಬಗ್ಗೆ ಒಂದು ಪ್ರಶ್ನೆ ಇದೆ. ನಿಮ್ಮ ರಾಜ್ಯದಲ್ಲಿ ಅದು ಕಾನೂನುಬದ್ಧ ಆಗಿರಬಹುದು, ಫೆಡರಲ್ ಕಾನೂನಿನಲ್ಲಿ ಆಗಿಲ್ಲ ಎಂದು ಫಾರಂನಲ್ಲೇ ಅಚ್ಚು ಹಾಕಿದ್ದಾರೆ. ನಿದ್ದೆಗೆಂದು ಗಾಂಜಾ ಗಮ್ಮಿ ತಿನ್ನುವ ಅಭ್ಯಾಸ ಇದ್ದರೆ ಸುಳ್ಳು ಬರೆಯಬೇಡಿ. ಕೊಳ್ಳುವುದನ್ನೇ ಬಿಡಿ.

ರಾಜ್ಯದ ಕಾನೂನು ಇದರ ಮೇಲೆ ಬೇರೆ. ಇಲಿನಾಯ್‌ನಲ್ಲಿ ಮೊದಲು ಫಾಯ್ಡ್ ಕಾರ್ಡ್ (ಬಂದೂಕು ಇಟ್ಟುಕೊಳ್ಳುವವರ ಗುರುತಿನ ಕಾರ್ಡ್) ಮಾಡಿಸಬೇಕು. ನ್ಯೂಜರ್ಸಿಯಲ್ಲೂ ಗುರುತಿನ ಕಾರ್ಡ್ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಸುರಕ್ಷತಾ ಪರೀಕ್ಷೆ ಬರೆದು, ದುಡ್ಡು ಕೊಟ್ಟ ಮೇಲೂ ಹತ್ತು ದಿನ ಕಾಯಬೇಕು. ಮ್ಯಾಸಚೂಸೆಟ್ಸ್‌ನಲ್ಲಿ ಪರವಾನಗಿ ಇಲ್ಲದೆ ಏನೂ ನಡೆಯುವುದಿಲ್ಲ. ಟೆಕ್ಸಸ್, ಒಹಾಯೋ ಕಡೆಯವರಿಗೆ ಇದ್ಯಾವುದರ ಗೋಜಿಲ್ಲ.

ಇಷ್ಟೊಂದು ಅಳತೆಗಳಿರುವಾಗ .22 ಯಾಕೆ?

ಅಗ್ಗ, ಸದ್ದು ಕಡಿಮೆ, ಹೆಗಲಿಗೆ ಒದೆತ ಇಲ್ಲ. ಒಂದು .22 ತೋಟಾಕ್ಕೆ ಸುಮಾರು ಏಳರಿಂದ ಹತ್ತು ಸೆಂಟ್. ದೊಡ್ಡ ರೈಫಲಿನ .223 ತೋಟಾ ಒಂದಕ್ಕೆ ಅದರ ಐದಾರು ಪಟ್ಟು ಬೀಳುತ್ತದೆ. ಗುರಿ ಕಲಿಯುವುದು ಅಂದರೆ ಸಾವಿರಗಟ್ಟಲೆ ಸಲ ಟ್ರಿಗರ್ ಒತ್ತುವುದು. ಅದಕ್ಕೆ ಜೇಬು ತಡೆಯಬೇಕಲ್ಲ.

.22 ರಿಮ್‌ಫೈರ್ ಬಗೆಯ ತೋಟಾ. ರಿಮ್‌ಫೈರ್ ಅಂದರೆ ಕಿಡಿ ಹೊತ್ತಿಸುವ ಮದ್ದು ತೋಟಾದ ತಳದ ಅಂಚಿನೊಳಗೆ ಇರುತ್ತದೆ. ದೊಡ್ಡ ತೋಟಾಗಳಲ್ಲಿ ಅದು ತಳದ ನಡುವೆ ಬೇರೆ ಬಟ್ಟಲಿನಲ್ಲಿ ಕೂತಿರುತ್ತದೆ. ಇಲ್ಲಿ ಹಾಗಿಲ್ಲ. ರೈಫಲಿನ ಪಿನ್ ಬಂದು ಅಂಚನ್ನು ಜಜ್ಜಿದರೆ ಮದ್ದು ಹೊತ್ತಿಕೊಳ್ಳುತ್ತದೆ. ಅಂಚು ಜಜ್ಜಬೇಕಾದ್ದರಿಂದ ಲೋಹ ತೆಳುವಾಗಿರಬೇಕು. ತೆಳುವಾದ್ದರಿಂದ ಒಳಗಿನ ಒತ್ತಡ ಕಡಿಮೆ ಇಡಬೇಕು. .22 ತೋಟಾ ಪುಟ್ಟದಾಗಿ, ಸೌಮ್ಯವಾಗಿ, ಅಗ್ಗವಾಗಿ ಇರುವುದು ಹೀಗೆ. ಒಮ್ಮೆ ಹಾರಿಸಿದ ಖಾಲಿ ಕೋಶಕ್ಕೆ ಮತ್ತೆ ಮದ್ದು ತುಂಬಿ ಬಳಸುವುದು ಆಗದ ಮಾತು ಅನ್ನುವುದಕ್ಕೂ ಇದೇ ಕಾರಣ.

ನಾವು .22 ಅನ್ನುವುದು .22 ಲಾಂಗ್ ರೈಫಲ್ ತೋಟಾಕ್ಕೆ. 1887ರಿಂದ ಇದೆ. ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಸ್ಪರ್ಧೆಯಲ್ಲೂ ಇದೇ ತೋಟಾ. 2024ರಲ್ಲಿ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಇದರಲ್ಲೇ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ರಿಯೋದಲ್ಲಿ 50 ಮೀಟರ್ ಪಿಸ್ತೂಲ್‌ಗೆ ಇಳಿದಾಗ ಹಾರಿಸಿದ್ದೂ ಇದನ್ನೇ. ಅವರ ಬಂದೂಕುಗಳ ಬೆಲೆ ಬೇರೆ ಲೋಕದ್ದು, ಅದು ಬಿಡಿ.

.22 ಮ್ಯಾಗ್ನಂ, .17 ಎಚ್‌ಎಂಆರ್ ತೋಟಾಗಳು ಇನ್ನೂ ಜೋರು ಅಂತಾರೆ. ಅದನ್ನೇ ತೆಗೆದುಕೊಂಡರೆ?

ಜೋರೇನೋ ಹೌದು. ತೋಟಾದ ಬೆಲೆಯೂ ಎರಡು ಮೂರು ಪಟ್ಟು. ತೋಟಕ್ಕೆ ನುಗ್ಗುವ ಪ್ರಾಣಿಗಳ ಕಾಟ ಇರುವವರಿಗೆ ಸರಿ, ಕಲಿಯುವವರಿಗೆ ಬೇಡ. ಇನ್ನೊಂದು ವಿಷಯ: ಹೆಸರಿನಲ್ಲಿ .22 ಇದೆ ಎಂದು ಲಾಂಗ್ ರೈಫಲ್ ತೋಟಾವನ್ನು ಮ್ಯಾಗ್ನಂ ರೈಫಲಿಗೆ ಹಾಕಬಾರದು. ಮ್ಯಾಗ್ನಂ ಕೋಶ ಸ್ವಲ್ಪ ದಪ್ಪ. ಸಣ್ಣದು ಅದರಲ್ಲಿ ಸಡಿಲವಾಗಿ ಕೂತು ಒಡೆಯುತ್ತದೆ. ಯಾವ ತೋಟಾ ಹಾಕಬೇಕು ಎಂದು ನಳಿಗೆಯ ಮೇಲೇ ಕೆತ್ತಿರುತ್ತಾರೆ, ಅದನ್ನು ನೋಡಿ ಕೊಳ್ಳಿ.

ಬೋಲ್ಟ್, ಸೆಮಿ ಆಟೊಮ್ಯಾಟಿಕ್, ಲಿವರ್. ಯಾವುದು?

ಮೊದಲ ರೈಫಲ್ ಆದರೆ ಬೋಲ್ಟ್, ಅಂದರೆ ನಳಿಗೆಯ ಹಿಂಭಾಗ ಮುಚ್ಚುವ ಉಕ್ಕಿನ ದಿಂಡನ್ನು (ಅದೇ ಬೋಲ್ಟ್) ಕೈಯಲ್ಲೇ ಆಡಿಸುವುದು. ಒಂದು ಗುಂಡು ಹಾರಿಸಿದ ಮೇಲೆ ಹಿಡಿಯನ್ನು ಎತ್ತಿ, ಹಿಂದಕ್ಕೆ ಎಳೆದು, ಮುಂದಕ್ಕೆ ತಳ್ಳಿ, ಕೆಳಗೆ ಮಡಿಸಬೇಕು. ಅಷ್ಟರಲ್ಲಿ ಹಿಂದಿನ ಗುಂಡು ಎಲ್ಲಿ ಬಿತ್ತು, ಯಾಕೆ ಬಿತ್ತು ಎಂದು ಯೋಚಿಸಲು ಸಮಯ ಸಿಗುತ್ತದೆ. ಸೆಮಿ ಆಟೊಮ್ಯಾಟಿಕ್‌ನಲ್ಲಿ ಬೆರಳು ಆಡಿಸಿದಷ್ಟೂ ಗುಂಡು. ಹೊಸಬರು ಹತ್ತು ನಿಮಿಷದಲ್ಲಿ ಡಬ್ಬ ಖಾಲಿ ಮಾಡಿ, ಏನೂ ಕಲಿಯದೆ, ಖುಷಿಯಾಗಿ ಮನೆಗೆ ಹೋಗುತ್ತಾರೆ. ಖುಷಿಯೇ ಬೇಕಿದ್ದರೆ ತಪ್ಪೇನಿಲ್ಲ.

ಬೋಲ್ಟ್‌ಗೆ ಇನ್ನೊಂದು ಅನುಕೂಲ ಇದೆ. ಅದು ಎಲ್ಲ ಬಗೆಯ .22 ತೋಟಾವನ್ನೂ ಒಪ್ಪುತ್ತದೆ. ಸೆಮಿ ಆಟೊಮ್ಯಾಟಿಕ್ ತನ್ನ ಯಂತ್ರ ತಾನೇ ಓಡಿಸಿಕೊಳ್ಳಲು ತೋಟಾದಿಂದ ಸಾಕಷ್ಟು ಒದೆತ ಬರಬೇಕು. ಸಿಸಿಐ ಕಂಪನಿಯ ಕ್ವಯಟ್-22 ಅನ್ನುವ ಮೆತ್ತನೆ ತೋಟಾ ಹಾಕಿದರೆ ಅದರಲ್ಲಿ ಬೋಲ್ಟ್ ಪೂರ್ತಿ ಹಿಂದಕ್ಕೆ ಹೋಗುವುದೇ ಇಲ್ಲ, ಪ್ರತಿ ಸಲವೂ ಕೈಯಲ್ಲೇ ಎಳೆಯಬೇಕು.

ಟ್ರಿಗರ್ ಸುತ್ತಲಿನ ಸನ್ನೆಯನ್ನು ಕೆಳಗೆ ಮೇಲೆ ಆಡಿಸಿ ತೋಟಾ ಬದಲಿಸುವ ಲಿವರ್ ಬಗ್ಗೆ ಒಂದೇ ಮಾತು: ಎಡಗೈಯವರಿಗೆ, ಹಳೇ ಕೌಬಾಯ್ ಸಿನಿಮಾ ನೋಡಿ ಬೆಳೆದವರಿಗೆ ಹೆನ್ರಿ ಎಚ್001 ತುಂಬಾ ಇಷ್ಟವಾಗುತ್ತದೆ. ನಳಿಗೆ ಕೆಳಗಿನ ಕೊಳವೆಯಲ್ಲಿ 15 ತೋಟಾ ಹಿಡಿಯುತ್ತದೆ. ಸುಮಾರು 350ರಿಂದ 400 ಡಾಲರ್. ಆಡಿಸುವಾಗ ಬೆಣ್ಣೆಯ ಹಾಗೆ ನುಣುಪು.

ಸರಿ, ಹೆಸರು ಹೇಳಿ. ಯಾವುದನ್ನು ಕೊಳ್ಳಲಿ?

ಬೋಲ್ಟ್‌ನಲ್ಲಿ ಕಡಿಮೆ ಬೆಲೆಗೆ ನನ್ನ ಆಯ್ಕೆ ಸ್ಯಾವೇಜ್ ಮಾರ್ಕ್ 2. ಕೆನಡಾದ ಒಂಟಾರಿಯೋದ ಲೇಕ್‌ಫೀಲ್ಡ್‌ನಲ್ಲಿ ತಯಾರಾಗುತ್ತದೆ. ಪ್ಲಾಸ್ಟಿಕ್ ಸ್ಟಾಕ್ (ಹೆಗಲಿಗೆ ಒತ್ತಿ ಹಿಡಿಯುವ ಭಾಗ) ಇರುವುದು 250 ಡಾಲರ್ ಆಸುಪಾಸು. ನೋಡಲು ಸುಮಾರು. ಸ್ಟಾಕ್ ಹಿಡಿದು ಹಿಂಡಿದರೆ ಸ್ವಲ್ಪ ಬಾಗುತ್ತದೆ, ಮ್ಯಾಗಝೀನ್ (ತೋಟಾ ತುಂಬುವ ಡಬ್ಬಿ) ಕೂರಿಸುವಾಗ ಒಮ್ಮೊಮ್ಮೆ ತಡವರಿಸುತ್ತದೆ. ಆದರೆ ನಳಿಗೆ ಒಳ್ಳೆಯದು, ಆಕ್ಯುಟ್ರಿಗರ್ ಎಂಬ ಟ್ರಿಗರನ್ನು ಮನೆಯಲ್ಲೇ ಹಗುರ ಮಾಡಿಕೊಳ್ಳಬಹುದು. ಸರಿಯಾದ ತೋಟಾ ಸಿಕ್ಕರೆ 50 ಗಜದಲ್ಲಿ ಐದು ಗುಂಡೂ ಒಂದು ಇಂಚಿನೊಳಗೆ ಬೀಳುತ್ತವೆ. ಈ ಬೆಲೆಗೆ ಇದಕ್ಕಿಂತ ಹೆಚ್ಚು ಕೇಳುವುದು ಅತ್ಯಾಸೆ. ಎಡಗೈಯವರಿಗೆಂದೇ ಬೇರೆ ಮಾದರಿಯೂ ಇದೆ.

ಇನ್ನೊಂದು ನೂರು ಡಾಲರ್ ಹಾಕುವವರಿಗೆ ರೂಗರ್ ಅಮೆರಿಕನ್ ರಿಮ್‌ಫೈರ್. ಇದರ ಗುಣ ಏನೆಂದರೆ, ಅದೇ ಕಂಪನಿಯ 10/22 ಎಂಬ ಸೆಮಿ ಆಟೊಮ್ಯಾಟಿಕ್ ರೈಫಲಿನ ಮ್ಯಾಗಝೀನ್ ಇದಕ್ಕೂ ಹಿಡಿಯುತ್ತದೆ. ಮುಂದೆ ಅದನ್ನೂ ಕೊಂಡರೆ ಮ್ಯಾಗಝೀನ್‌ಗೆ ಮತ್ತೆ ದುಡ್ಡು ಸುರಿಯಬೇಕಿಲ್ಲ.

500ರಿಂದ 650 ಡಾಲರ್ ಕೊಡಲು ತಯಾರಿದ್ದರೆ ಝೆಕ್ ದೇಶದ ಸಿಝೆಡ್ 457. ಬೋಲ್ಟ್ ಎಳೆದಾಗಲೇ ವ್ಯತ್ಯಾಸ ಗೊತ್ತಾಗುತ್ತದೆ. ಮುಂದೆ ಇನ್ನೊಂದು .22 ಬೇಕು ಅನ್ನಿಸುವುದಿಲ್ಲ. ಅಗ್ಗದ್ದು ಅಂತ ಇದನ್ನು ಕರೆಯಲಾರೆ, ಆದರೆ ಎರಡು ಸಲ ಕೊಳ್ಳುವುದಕ್ಕಿಂತ ಅಗ್ಗ.

ಸೆಮಿ ಆಟೊಮ್ಯಾಟಿಕ್ ಬೇಕೇ ಬೇಕು ಅಂದರೆ ರೂಗರ್ 10/22. 1964ರಿಂದ ಬರುತ್ತಿದೆ. 300 ಡಾಲರ್ ಸುತ್ತಮುತ್ತ. ಅದರ ಹತ್ತು ತೋಟಾದ ಸುತ್ತುವ ಮ್ಯಾಗಝೀನ್ ಕೆಳಗೆ ಚಾಚಿಕೊಳ್ಳದೆ ಹೊಟ್ಟೆಯೊಳಗೇ ಅಡಗಿ ಕೂರುತ್ತದೆ. ಬಿಡಿಭಾಗ ಎಷ್ಟು ಸಿಗುತ್ತವೆ ಅಂದರೆ, ರೂಗರ್ ಕಂಪನಿಯ ಒಂದು ತುಂಡೂ ಇಲ್ಲದ 10/22 ಕಟ್ಟಿಕೊಂಡವರಿದ್ದಾರೆ. ಅದೇ ಅದರ ಅಪಾಯವೂ ಹೌದು. ಅಗ್ಗದ ರೈಫಲ್ ಕೊಂಡು ಟ್ರಿಗರ್, ನಳಿಗೆ, ಸ್ಟಾಕ್ ಎಂದು ಒಂದೊಂದೇ ಬದಲಿಸುತ್ತಾ ಸಾವಿರ ಡಾಲರ್ ದಾಟಿಸುವವರೇ ಜಾಸ್ತಿ.

ತೀರಾ ಕಡಿಮೆ ಬೆಲೆಗೆ ರೋಸಿ ಆರ್‌ಎಸ್22, ಸ್ಯಾವೇಜ್ 64 ಇವೆ. 200 ಡಾಲರ್ ಒಳಗೆ ಸಿಗುತ್ತವೆ. ಕೆಲಸ ಮಾಡುತ್ತವೆ. ಆ ದುಡ್ಡಿಗೆ ನಾನಾದರೆ ಹಳೇ ಮಾರ್ಲಿನ್ ಹುಡುಕುತ್ತೇನೆ.

ಹಳೇದು ಕೊಳ್ಳುವಾಗ ಏನು ನೋಡಬೇಕು?

ಮಾರ್ಲಿನ್ ಮಾಡೆಲ್ 60 ರೈಫಲ್ 1960ರಲ್ಲಿ ಬಂತು. ಒಂದು ಕೋಟಿಗೂ ಹೆಚ್ಚು ತಯಾರಾಗಿವೆ. ಅಮೆರಿಕದ ಅರ್ಧ ಹಳ್ಳಿಗಳ ಅಟ್ಟದ ಮೇಲೆ ಒಂದೊಂದು ಇರಬೇಕು. ಗ್ಲೆನ್‌ಫೀಲ್ಡ್ ಎಂದು ಬರೆದಿದ್ದರೂ ಅದು ಮಾರ್ಲಿನ್ ಮಾಡಿದ್ದೇ, ಕಡಿಮೆ ದರ್ಜೆಯ ಮರ ಹಾಕಿ ಅಗ್ಗಕ್ಕೆ ಮಾರುತ್ತಿದ್ದರು. ಹೆಸರು ನೋಡಿ ಅಂಗಡಿಯವರು ಇಪ್ಪತ್ತು ಮೂವತ್ತು ಡಾಲರ್ ಕಡಿಮೆ ಹಾಕಿರುತ್ತಾರೆ, ನಮಗೆ ಲಾಭ.

ಮೊದಲು ಬೋಲ್ಟ್ ಹಿಂದಕ್ಕೆ ಎಳೆದು ಖಾಲಿ ಇದೆಯೇ ಎಂದು ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿಯೂ ನೋಡಿ. ಆಮೇಲೆ ಫೋನಿನ ಟಾರ್ಚ್ ಬಿಟ್ಟು ಚೇಂಬರಿನ (ನಳಿಗೆಯಲ್ಲಿ ತೋಟಾ ಕೂರುವ ಜಾಗ) ಬಾಯಿಯನ್ನು ನೋಡಿ. ಅಂಚು ಉದ್ದಕ್ಕೂ ದುಂಡಗೆ, ಚೂಪಾಗಿ ಇರಬೇಕು. ಒಂದು ಕಡೆ ಉಗುರಿನಲ್ಲಿ ಒತ್ತಿದಂಥ ಸಣ್ಣ ತಗ್ಗು ಕಂಡರೆ, ಹಿಂದಿನವರು ತೋಟಾ ಇಲ್ಲದೆ ಸುಮ್ನೆ ಟ್ರಿಗರ್ ಒತ್ತಿ ಒತ್ತಿ ಆಡಿದ್ದಾರೆ ಎಂದರ್ಥ. ಪಿನ್ ನೇರವಾಗಿ ಚೇಂಬರಿನ ಅಂಚಿಗೇ ಹೊಡೆದಿರುತ್ತದೆ. ತಗ್ಗಿನ ಪಕ್ಕದ ಲೋಹ ಉಬ್ಬಿ ಒಳಗೆ ಚಾಚಿದ್ದರೆ ಖಾಲಿ ಕೋಶ ಹೊರಬರದೆ ಸಿಕ್ಕಿಕೊಳ್ಳುತ್ತದೆ. ರಿಪೇರಿ ಆಗುತ್ತದೆ, ಆದರೆ ಬೆಲೆ ಇಳಿಸಿ ಕೇಳಿ.

ನಳಿಗೆಯ ತುದಿಯನ್ನೂ ಹಾಗೆಯೇ ನೋಡಿ. ಅಲ್ಲಿ ಒಂದು ಕಚ್ಚು ಇದ್ದರೂ ಗುರಿ ಕೆಡುತ್ತದೆ. ಮಾರ್ಲಿನ್ ಆದರೆ ತೋಟಾ ತುಂಬುವ ಒಳಗೊಳವೆಯನ್ನು ಪೂರ್ತಿ ಎಳೆದು ನೋಡಿ, ನೆಗ್ಗಿದ್ದರೆ ಒಳಗಿನ ಸ್ಪ್ರಿಂಗ್ ನಿಲ್ಲುತ್ತದೆ. ಮ್ಯಾಗಝೀನ್ ಇರುವ ರೈಫಲ್ ಆದರೆ ಅದರ ಮ್ಯಾಗಝೀನ್ ಇವತ್ತೂ ಅಂಗಡಿಯಲ್ಲಿ ಸಿಗುತ್ತದೆಯೇ ಎಂದು ಅಲ್ಲೇ ನಿಂತು ಹುಡುಕಿ. ಐವತ್ತು ವರ್ಷ ಹಳೇ ರೈಫಲಿನ ಮ್ಯಾಗಝೀನ್ ಒಂದಕ್ಕೇ ನೂರು ಡಾಲರ್ ಕೇಳುವವರಿದ್ದಾರೆ.

ಸೀರಿಯಲ್ ನಂಬರ್ ಇಲ್ಲದಿದ್ದರೆ ಗಾಬರಿ ಬೇಡ. 1968ರ ಕಾನೂನಿಗಿಂತ ಮುಂಚೆ ಅಗ್ಗದ .22ಗಳಿಗೆ ಎಷ್ಟೋ ಕಂಪನಿಗಳು ನಂಬರ್ ಹಾಕುತ್ತಲೇ ಇರಲಿಲ್ಲ. ಇದ್ದ ನಂಬರನ್ನು ಉಜ್ಜಿ ತೆಗೆದ ಗುರುತು ಕಂಡರೆ ಮಾತ್ರ ರೈಫಲ್ ಕೆಳಗಿಟ್ಟು ಹೊರಟುಬಿಡಿ. ಅಂಥದ್ದನ್ನು ಇಟ್ಟುಕೊಳ್ಳುವುದೇ ಅಪರಾಧ.

ನಾನು ಐದಡಿ ಎರಡಿಂಚು. ಎಲ್ಲ ರೈಫಲ್‌ಗಳೂ ಉದ್ದ ಅನ್ನಿಸುತ್ತವೆ.

ಉದ್ದವೇ. ದೊಡ್ಡವರ .22ಗಳಲ್ಲಿ ಸ್ಟಾಕಿನ ಹಿಂತುದಿಯಿಂದ ಟ್ರಿಗರಿಗೆ ಸುಮಾರು ಹದಿಮೂರೂವರೆ ಇಂಚು ಇರುತ್ತದೆ. ಆರಡಿ ಆಳಿಗೆ ಅದು ಸರಿ. ಅಂಗಡಿಯಲ್ಲಿ ಮೊಣಕೈಯನ್ನು ಮೂಲೆಮಟ್ಟಕ್ಕೆ ಮಡಿಸಿ, ಸ್ಟಾಕಿನ ತುದಿಯನ್ನು ಮೊಣಕೈ ಒಳಮಡಿಕೆಗೆ ಒತ್ತಿ ನೋಡಿ. ತೋರುಬೆರಳಿನ ಮೊದಲ ಗೆಣ್ಣು ಟ್ರಿಗರ್ ಮೇಲೆ ಕೂತರೆ ಅದು ನಿಮ್ಮ ಅಳತೆ. ಬೆರಳು ಎಟುಕಲು ಹೆಗಲು ಮುಂದಕ್ಕೆ ಚಾಚಬೇಕಾದರೆ ಬೇಡ. ಉದ್ದದ ರೈಫಲ್ ಹಿಡಿದವರು ಸಮತೋಲಕ್ಕೆ ಸೊಂಟದಿಂದ ಹಿಂದಕ್ಕೆ ಬಾಗಿ ನಿಲ್ಲುತ್ತಾರೆ. ಹಾಗೆ ನಿಂತು ಯಾರಿಗೂ ಗುರಿ ಸಿಕ್ಕಿದ್ದಿಲ್ಲ.

ಸ್ಯಾವೇಜ್, ರೂಗರ್ ಎರಡರಲ್ಲೂ ಗಿಡ್ಡ ಸ್ಟಾಕಿನ ಮಾದರಿಗಳಿವೆ. ಯೂತ್ ಎಂದು ಹೆಸರಿದ್ದರೆ ನಾಚಿಕೆ ಪಡಬೇಡಿ. ಗಂಡ ತನ್ನ ಅಳತೆಗೆ ಕೊಂಡು ತಂದು, ಹೆಂಡತಿಗೆ ಗುರಿಯೇ ಬರುವುದಿಲ್ಲ ಅನ್ನುವ ಮನೆಗಳಲ್ಲಿ ತಪ್ಪು ಸ್ಟಾಕಿನದ್ದು.

ಮಗನಿಗೆ ಹತ್ತು ವರ್ಷ. ಅವನಿಗೆ?

ಒಂದೊಂದೇ ತೋಟಾ ಹಾಕುವ ಸ್ಯಾವೇಜ್ ರಾಸ್ಕಲ್ ಅಥವಾ ಕ್ರಿಕೆಟ್. ಹೌದು, ಕ್ರಿಕೆಟ್ ಅಂತಲೇ ಹೆಸರು, ಬ್ಯಾಟಿಗೂ ಇದಕ್ಕೂ ಸಂಬಂಧ ಇಲ್ಲ. ರಾಸ್ಕಲ್ ಸ್ಟಾಕಿನ ಅಳತೆ ಹನ್ನೊಂದೂಕಾಲು ಇಂಚು, ತೂಕ ಮೂರು ಪೌಂಡಿಗೂ ಕಡಿಮೆ. ಆದರೆ ಕೊಂಡು ಕೊಡುವ ಮೊದಲು ಅವನನ್ನು ನಿಮ್ಮ ಊರಿನ ಫೋರ್-ಎಚ್ ಎಂಬ ಮಕ್ಕಳ ಸಂಘದ ಶೂಟಿಂಗ್ ತರಬೇತಿಗೋ ಸ್ಕೌಟ್ ಶಿಬಿರಕ್ಕೋ ಕಳಿಸಿ. ಅಲ್ಲಿ ರೈಫಲ್, ತೋಟಾ ಎರಡೂ ಅವರದ್ದೇ ಇರುತ್ತವೆ. ಅಪ್ಪನ ಮಾತಿಗಿಂತ ಹೊರಗಿನ ಮೇಷ್ಟ್ರ ಮಾತನ್ನು ಮಕ್ಕಳು ಬೇಗ ಕೇಳುತ್ತಾರೆ. ಮಗನ ವೀಸಾ ಯಾವುದು ಎಂದು ನೋಡುವುದನ್ನು ಮಾತ್ರ ಮರೆಯಬೇಡಿ.

ಸ್ಕೋಪ್ (ರೈಫಲ್ ಮೇಲೆ ಕೂರಿಸುವ ದುರ್ಬೀನು) ಬೇಕಾ?

ಮೊದಲ ತಿಂಗಳುಗಳಲ್ಲಿ ಬೇಡ. ರೈಫಲ್ ಜೊತೆ ಬರುವ ಲೋಹದ ಗುರಿಕಟ್ಟಿನಲ್ಲಿ ಕಲಿಯಿರಿ. ನಲವತ್ತು ದಾಟಿ ಮುಂದಿನ ಗುರಿಕಡ್ಡಿ ಮಸುಕು ಕಾಣುತ್ತದೆ ಅನ್ನುವವರಿಗೆ ಈ ಮಾತು ಅನ್ವಯಿಸುವುದಿಲ್ಲ.

ಕೊಳ್ಳುವುದಾದರೆ ರಿಮ್‌ಫೈರ್ ಎಂದು ಬರೆದಿರುವ ಸ್ಕೋಪನ್ನೇ ಕೊಳ್ಳಿ. ದೊಡ್ಡ ರೈಫಲಿನ ಸ್ಕೋಪುಗಳನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ. 25 ಗಜದಲ್ಲಿ ಕಣ್ಣು ಸ್ವಲ್ಪ ಸರಿದರೂ ಅಡ್ಡಗೆರೆ ಗುರಿಯ ಮೇಲೆ ತೇಲಾಡುತ್ತದೆ. ರಿಮ್‌ಫೈರ್ ಸ್ಕೋಪುಗಳು ಹೆಚ್ಚಾಗಿ 50 ಗಜಕ್ಕೆ ಹೊಂದಿಸಿ ಬರುತ್ತವೆ. ನೂರು ಡಾಲರ್ ಆಸುಪಾಸಿನದ್ದು ಸಾಕು. ರೈಫಲ್ ಜೊತೆ ಉಚಿತ ಎಂದು ಕಟ್ಟಿಕೊಡುವ ಸ್ಕೋಪಿನ ಮೇಲೆ ಆಸೆ ಇಟ್ಟುಕೊಳ್ಳಬೇಡಿ.

ಸ್ಕೋಪಿನ ತಿರುಗಣೆ ಒಂದು ಹಲ್ಲು ಸರಿದರೆ ಅದು ಒಂದು ಕ್ಲಿಕ್. ಕಾಲು ಎಂಒಎ (ಎಂಒಎ ಅನ್ನುವುದು ಕೋನದ ಅಳತೆ) ಕ್ಲಿಕ್ ಎಂದರೆ 100 ಗಜದಲ್ಲಿ ಕಾಲು ಇಂಚು, 50 ಗಜದಲ್ಲಿ ಅದರರ್ಧ. ಅಂದರೆ 50 ಗಜದಲ್ಲಿ ಗುಂಡು ಒಂದು ಇಂಚು ಕೆಳಗೆ ಬೀಳುತ್ತಿದ್ದರೆ ಎಂಟು ಕ್ಲಿಕ್ ಮೇಲಕ್ಕೆ. ನಾಲ್ಕು ಕ್ಲಿಕ್ ತಿರುಗಿಸಿ ಸ್ಕೋಪ್ ಕೆಟ್ಟಿದೆ ಅನ್ನುವವರನ್ನು ಪ್ರತಿ ರೇಂಜ್‌ನಲ್ಲೂ ನೋಡಬಹುದು.

ಯಾವ ತೋಟಾ ಒಳ್ಳೆಯದು?

ನಿಮ್ಮ ರೈಫಲ್ ಒಪ್ಪಿದ್ದು. ಇದು ತಪ್ಪಿಸಿಕೊಳ್ಳುವ ಉತ್ತರ ಅಲ್ಲ. ಒಂದೇ ಕಂಪನಿಯ, ಒಂದೇ ಮಾದರಿಯ ಎರಡು ರೈಫಲ್ ಅಕ್ಕಪಕ್ಕ ಇಟ್ಟು ಒಂದೇ ತೋಟಾ ಹಾರಿಸಿದರೆ, ಒಂದರಲ್ಲಿ ಗುಂಡುಗಳು ಒಂದೇ ಕಡೆ ಬೀಳಬಹುದು, ಇನ್ನೊಂದರಲ್ಲಿ ಚೆಲ್ಲಾಪಿಲ್ಲಿ ಆಗಬಹುದು. ರಿಮ್‌ಫೈರ್‌ನ ಸ್ವಭಾವ ಅದು.

ಆದ್ದರಿಂದ ಶುರುವಿನಲ್ಲಿ ಐನೂರರ ದೊಡ್ಡ ಡಬ್ಬ ತರಬೇಡಿ. ಐದಾರು ಬಗೆಯ ಐವತ್ತರ ಸಣ್ಣ ಡಬ್ಬ ತನ್ನಿ. ಸಿಸಿಐ ಸ್ಟ್ಯಾಂಡರ್ಡ್ ವೆಲಾಸಿಟಿ, ಸಿಸಿಐ ಮಿನಿ-ಮ್ಯಾಗ್, ಫೆಡರಲ್ ಆಟೊಮ್ಯಾಚ್, ಅಗಿಲಾ, ಮನಸ್ಸಿದ್ದರೆ ಎಸ್‌ಕೆ ಒಂದು ಡಬ್ಬ. ಗಾಳಿ ಇಲ್ಲದ ಬೆಳಗ್ಗೆ, ರೈಫಲನ್ನು ಮರಳು ಚೀಲದ ಮೇಲೆ ಒರಗಿಸಿ, 50 ಗಜದಲ್ಲಿ ಒಂದೊಂದು ಬಗೆಗೂ ಐದೈದು ಗುಂಡಿನ ಕೆಲವು ಗುಂಪು ಹಾರಿಸಿ. ಬಗೆ ಬದಲಿಸಿದಾಗ ಮೊದಲ ಕೆಲವು ಗುಂಡು ಲೆಕ್ಕಕ್ಕೆ ಹಿಡಿಯಬೇಡಿ. .22 ಗುಂಡಿನ ಮೇಲೆ ಮೇಣದಂಥ ಲೇಪ ಇರುತ್ತದೆ, ಹೊಸ ಲೇಪ ನಳಿಗೆಗೆ ಹತ್ತುವವರೆಗೆ ಗುಂಡು ಅಲೆದಾಡುತ್ತದೆ. ಚೆನ್ನಾಗಿ ಬಿದ್ದದ್ದು ಯಾವುದೋ ಅದರ ದೊಡ್ಡ ಡಬ್ಬ ತನ್ನಿ.

ಪೆಟ್ಟಿಗೆ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ ವೇಗಕ್ಕೆ ಮರುಳಾಗಬೇಡಿ. ಜೋರಿನ .22 ಶಬ್ದದ ವೇಗಕ್ಕಿಂತ ಮೇಲೆ ಹೊರಟು, ನೂರು ಗಜ ತಲುಪುವಷ್ಟರಲ್ಲಿ ಅದಕ್ಕಿಂತ ಕೆಳಗಿಳಿಯುತ್ತದೆ. ದಾಟುವ ಹೊತ್ತಿಗೆ ಗುಂಡು ನಡುಗುತ್ತದೆ. ಸೆಕೆಂಡಿಗೆ 1,070 ಅಡಿಯ ಸ್ಟ್ಯಾಂಡರ್ಡ್ ತೋಟಾ ಮೊದಲಿಂದಲೂ ಕೆಳಗೇ ಇರುವುದರಿಂದ ಆ ಗೊಡವೆ ಇಲ್ಲ. ಸ್ಪರ್ಧೆಗೆ ಹೋಗುವವರು ನಿಧಾನದ ತೋಟಾವನ್ನೇ ಹಾಕುವುದು ಇದಕ್ಕೇ.

ಟ್ರಿಗರ್ ಒತ್ತಿದೆ, ಟಿಕ್ ಅಂತು, ಗುಂಡು ಹಾರಲಿಲ್ಲ. ಏನು ಮಾಡಲಿ?

ರೈಫಲಿನ ಬಾಯಿ ಗುರಿಯ ಕಡೆಗೇ ಇರಲಿ. ಅರ್ಧ ನಿಮಿಷ ಅಲುಗಾಡಬೇಡಿ. ಅಪರೂಪಕ್ಕೆ ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಆಮೇಲೆ ತೋಟಾ ಹೊರತೆಗೆದು ನೋಡಿ. ಅಂಚಿನ ಮೇಲೆ ಪಿನ್ ಗುರುತು ಆಳವಾಗಿ ಬಿದ್ದಿದ್ದರೆ ತೋಟಾದ್ದು ತಪ್ಪು. ಅಂಚಿನ ಆ ಜಾಗಕ್ಕೆ ಮದ್ದು ತಲುಪಿರುವುದಿಲ್ಲ. ಅಗ್ಗದ .22ಗಳಲ್ಲಿ ಇದು ಆಗಾಗ ಆಗುತ್ತದೆ. ಗುರುತು ತೆಳುವಾಗಿದ್ದರೆ ರೈಫಲ್ ಕೊಳೆಯಾಗಿದೆ.

ಟಿಕ್ ಬದಲು ಮೆಲ್ಲಗೆ ಪುಸ್ ಎಂದು, ಕಾಗದದಲ್ಲಿ ತೂತೂ ಬೀಳದಿದ್ದರೆ ನಿಲ್ಲಿಸಿ. ಗುಂಡು ನಳಿಗೆಯೊಳಗೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಉಬ್ಬುತ್ತದೆ. ರೇಂಜ್ ಅಧಿಕಾರಿಯನ್ನು ಕರೆಯಿರಿ.

ಮನೆಯಲ್ಲಿ ಖಾಲಿ ರೈಫಲಿನಲ್ಲಿ ಟ್ರಿಗರ್ ಅಭ್ಯಾಸ ಮಾಡಬಹುದಾ?

ಮಾಡಲೇಬೇಕು, ದುಡ್ಡು ಖರ್ಚಾಗದ ಅಭ್ಯಾಸ ಅದೊಂದೇ. 10/22ಕ್ಕೆ ಪರವಾಗಿಲ್ಲ ಎಂದು ಕಂಪನಿಯೇ ಹೇಳುತ್ತದೆ. ಹಳೇ ರೈಫಲ್‌ಗಳಲ್ಲಿ ಪಿನ್ ಚೇಂಬರಿನ ಅಂಚಿಗೆ ಹೊಡೆಯುತ್ತದೆ, ಮೇಲೆ ಹೇಳಿದ ತಗ್ಗು ಬೀಳುವುದು ಹಾಗೆ. ಅದಕ್ಕೊಂದು ಉಪಾಯ ಇದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಗೋಡೆಗೆ ಸ್ಕ್ರೂ ಹಾಕುವಾಗ ಬಳಸುವ ಹಳದಿ ಪ್ಲಾಸ್ಟಿಕ್ ಡ್ರೈವಾಲ್ ಆಂಕರ್ ಸಿಗುತ್ತದೆ, ಸಣ್ಣ ಅಳತೆಯದ್ದು. .22 ಚೇಂಬರಿನಲ್ಲಿ ಅದು ಅಳತೆ ಕೊಟ್ಟು ಮಾಡಿಸಿದಂತೆ ಕೂರುತ್ತದೆ. ಪಿನ್ ಹೊಡೆತ ಪ್ಲಾಸ್ಟಿಕ್ಕಿನ ಅಂಚಿಗೆ ಬೀಳುತ್ತದೆ. ಒಂದು ಕಡೆ ಜಜ್ಜಿ ಹೋದರೆ ತಿರುಗಿಸಿ ಹಾಕಿ. ನೂರರ ಪೊಟ್ಟಣ ಕೆಲವೇ ಡಾಲರ್. ಅಭ್ಯಾಸದ ಹೊತ್ತಿನಲ್ಲಿ ಆ ಕೋಣೆಯಲ್ಲಿ ಒಂದು ನಿಜವಾದ ತೋಟಾವೂ ಇರಬಾರದು.

ಸಣ್ಣ ಗುಂಡು, ಹಿತ್ತಲಲ್ಲೇ ಹಾರಿಸಿದರೆ ಏನಾಗುತ್ತದೆ?

ಆ ಸಣ್ಣ ಗುಂಡು ಒಂದು ಮೈಲಿಗಿಂತಲೂ ದೂರ ಹೋಗಬಲ್ಲದು. ತೋಟಾದ ಪೆಟ್ಟಿಗೆ ಮೇಲೇ ಎಚ್ಚರಿಕೆ ಬರೆದಿರುತ್ತಾರೆ. ಮೆತ್ತನೆ ಸೀಸದ್ದಾದರೂ ಕಲ್ಲು, ಗಟ್ಟಿ ನೆಲ, ಕೆರೆಯ ನೀರು ಎಲ್ಲದರಿಂದಲೂ ಪುಟಿದು ಬೇರೆ ದಿಕ್ಕಿಗೆ ಹಾರುತ್ತದೆ. ಊರ ಮಿತಿಯೊಳಗೆ ಹೆಚ್ಚಿನ ಕಡೆ ಗುಂಡು ಹಾರಿಸುವುದೇ ಅಪರಾಧ. ರೇಂಜಿಗೆ ಹೋಗಿ. ಹಲವು ರಾಜ್ಯಗಳಲ್ಲಿ ವನ್ಯಜೀವಿ ಇಲಾಖೆಯವರು ನಡೆಸುವ ರೇಂಜ್‌ಗಳಿವೆ, ದರ ಕಡಿಮೆ.

ಅಲ್ಲಿ ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಕಡ್ಡಾಯ. ಮುಗಿದ ಮೇಲೆ ಕೈಯನ್ನು ತಣ್ಣೀರಿನಲ್ಲಿ ಸೋಪು ಹಾಕಿ ತೊಳೆಯಿರಿ. .22ರ ಗುಂಡಿನಲ್ಲೂ ಸೀಸ, ಕಿಡಿಮದ್ದಿನಲ್ಲೂ ಸೀಸ. ಅದೇ ಕೈಯಲ್ಲಿ ಬುತ್ತಿಯ ಚಿತ್ರಾನ್ನ ತಿನ್ನಬೇಡಿ. ರೇಂಜಿನ ಅಂಗಿ ಬಿಚ್ಚಿ ಹಾಕುವ ಮೊದಲು ಮಗುವನ್ನು ಎತ್ತಿಕೊಳ್ಳಬೇಡಿ.

ಕಲಿಸುವವರು ಯಾರಾದರೂ ಇದ್ದಾರಾ?

ಪ್ರಾಜೆಕ್ಟ್ ಆ್ಯಪಲ್‌ಸೀಡ್ ಎಂಬ ತರಬೇತಿ ದೇಶದ ಉದ್ದಗಲಕ್ಕೂ ನಡೆಯುತ್ತದೆ. ಕಲಿಸುವವರೆಲ್ಲ ಸ್ವಯಂಸೇವಕರು. ಶನಿವಾರ, ಭಾನುವಾರ ಎರಡು ದಿನ, 25 ಗಜ ಅಥವಾ ಮೀಟರ್ ದೂರದಲ್ಲಿ, ನಿಂತು, ಕೂತು, ಮಲಗಿ ಹಾರಿಸುವುದನ್ನು ಕಲಿಸುತ್ತಾರೆ. ಊಟದ ಹೊತ್ತಿಗೆ 1775ರ ಏಪ್ರಿಲ್ 19ರ ಲೆಕ್ಸಿಂಗ್ಟನ್, ಕಾಂಕರ್ಡ್ ಕಾಳಗದ ಕಥೆ ಹೇಳುತ್ತಾರೆ. ಪೌರತ್ವ ಪರೀಕ್ಷೆಗೆ ಓದುತ್ತಿರುವವರಿಗೆ ಒಂದು ಕಲ್ಲಿಗೆ ಎರಡು ಹಣ್ಣು. 250 ಅಂಕದ ಪರೀಕ್ಷೆಯಲ್ಲಿ 210 ಬಂದರೆ ರೈಫಲ್‌ಮನ್ ಎಂಬ ಬಟ್ಟೆಯ ಬಿಲ್ಲೆ ಕೊಡುತ್ತಾರೆ. ಇಲ್ಲಿ ಮಾತ್ರ 10/22 ಮತ್ತು ಒಂದು ಗಟ್ಟಿ ಪಟ್ಟಿಯ ಸ್ಲಿಂಗ್ ಇದ್ದವರಿಗೆ ಅನುಕೂಲ. ಕೆಲವು ಸುತ್ತುಗಳಿಗೆ ಸಮಯದ ಮಿತಿ ಇದೆ, ಬೋಲ್ಟ್‌ನವರು ಪರದಾಡುತ್ತಾರೆ.

ಹೊಸ ದುಬಾರಿ ಸ್ಕೋಪಿಗೆ ಹಾಕುವ ದುಡ್ಡನ್ನು ಇದಕ್ಕೆ ಹಾಕಿ. ಈ ಪುಟದಲ್ಲಿ ಒಂದೇ ಸಲಹೆ ಪಾಲಿಸುವುದಾದರೆ ಇದನ್ನೇ ಪಾಲಿಸಿ.

ಮನೆಯಲ್ಲಿ ಎಲ್ಲಿಡುವುದು?

ಬೀಗ ಹಾಕಿದ ಉಕ್ಕಿನ ಕಪಾಟಿನಲ್ಲಿ, ತೋಟಾಗಳನ್ನು ಬೇರೆ ಕಡೆ ಬೀಗ ಹಾಕಿ. ನೂರೈವತ್ತು ಡಾಲರಿಗೆ ಸಾಕಷ್ಟು ಗಟ್ಟಿಯಾದದ್ದು ಸಿಗುತ್ತದೆ, ಇದನ್ನು ರೈಫಲಿನ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಿ. ಚೇಂಬರಿನೊಳಗಿಂದ ಹಾಯಿಸುವ ಕೇಬಲ್ ಬೀಗವನ್ನು ಎಷ್ಟೋ ಪೊಲೀಸ್ ಠಾಣೆಗಳು ಉಚಿತವಾಗಿ ಕೊಡುತ್ತವೆ. ಸತ್ಯನಾರಾಯಣ ಪೂಜೆಗೆ ಮೂವತ್ತು ಜನ ಬರುವ ಮನೆ ನಮ್ಮದು. ಮಕ್ಕಳು ಎಲ್ಲ ಕೋಣೆಗೂ ನುಗ್ಗುತ್ತಾರೆ. ಮಂಚದ ಕೆಳಗೆ, ಕೋಟುಗಳ ಹಿಂದೆ ಅನ್ನುವುದೆಲ್ಲ ಇಟ್ಟ ಹಾಗಲ್ಲ.

ಊರಿಗೆ ವಾಪಸ್ ಹೋಗುವಾಗ ತೆಗೆದುಕೊಂಡು ಹೋಗಬಹುದಾ? ಕೊಡಗಿನವರಿಗೆ ಲೈಸೆನ್ಸ್ ಬೇಡ ಅಲ್ವಾ?

ತರುವ ಯೋಚನೆ ಬಿಡಿ. ಭಾರತದಲ್ಲಿ .22ಕ್ಕೂ 1959ರ ಆಯುಧ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು, ಆಮದಿನ ನಿಯಮ ಬೇರೆ. ಕೊಡವರಿಗೂ ಜಮ್ಮಾ (ಕೊಡಗಿನ ಪಾರಂಪರಿಕ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇರುವುದು ನಿಜ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ .22 ರೈಫಲ್‌ಗಳೂ ಇಳಿಯುತ್ತವೆ. ಆದರೆ ಆ ವಿನಾಯಿತಿ ವಿಮಾನದಲ್ಲಿ ಬಂದೂಕು ತರುವುದಕ್ಕೆ ಕೊಟ್ಟ ರಹದಾರಿಯಲ್ಲ.

ಇದಕ್ಕಿಂತ ಮುಖ್ಯವಾದದ್ದು ಬ್ಯಾಗಿನ ವಿಷಯ. ರೇಂಜಿಗೆ ಒಯ್ಯುವ ಬ್ಯಾಗನ್ನು ಪ್ರಯಾಣಕ್ಕೆ ಯಾವತ್ತೂ ಬಳಸಬೇಡಿ. .22 ತೋಟಾ ಒಂದು ಇಂಚು ಉದ್ದ, ಹೊಲಿಗೆಯ ಸಂದಿಯಲ್ಲಿ ಅಡಗಿದರೆ ಕಾಣುವುದೇ ಇಲ್ಲ. ಅಮೆರಿಕದಲ್ಲಿ ಯಾರ ಕಣ್ಣಿಗೂ ಬೀಳದ ತೋಟಾ ವಾಪಸ್ ಬರುವಾಗ ಬೆಂಗಳೂರಿನ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಾಣಿಸಿದರೆ ಆಯುಧ ಕಾಯ್ದೆಯಡಿ ಕೇಸು, ವಿಮಾನ ತಪ್ಪುತ್ತದೆ, ಕೋರ್ಟು ಅಲೆದಾಟ ಶುರು. ಮರೆತು ಬಂದಿದ್ದು ಎಂದು ಸಾಬೀತು ಮಾಡುವಷ್ಟರಲ್ಲಿ ರಜೆ ಮುಗಿದಿರುತ್ತದೆ. ಜಾಕೆಟ್ ಜೇಬನ್ನೂ ನೋಡಿ.

ಹಾಗಾದರೆ ಹೊರಡುವ ಮುಂಚೆ ರೈಫಲ್ ಏನು ಮಾಡಲಿ?

ಲೈಸೆನ್ಸ್ ಇರುವ ಅಂಗಡಿಗೆ ಮಾರಿ, ರಸೀದಿ ಇಟ್ಟುಕೊಳ್ಳಿ. 10/22, ಸಿಝೆಡ್ ಆದರೆ ಒಳ್ಳೆಯ ಬೆಲೆ ಬರುತ್ತದೆ. ಉಳಿದವು ಅರ್ಧಕ್ಕೆ ಹೋಗುತ್ತವೆ. ಬೇರೆ ರಾಜ್ಯದಲ್ಲಿರುವ ಗೆಳೆಯನಿಗೆ ನೀವೇ ನೇರವಾಗಿ ಮಾರುವುದಾಗಲಿ ಕೊಟ್ಟು ಬರುವುದಾಗಲಿ ಫೆಡರಲ್ ಕಾನೂನಿಗೆ ವಿರುದ್ಧ. ಅವನ ಊರಿನ ಅಂಗಡಿಗೆ ಕಳಿಸಿ, ಅವನು ಅಲ್ಲಿ 4473 ತುಂಬಿ ತೆಗೆದುಕೊಳ್ಳಬೇಕು. ಅಂಗಡಿಯವರು ಅದಕ್ಕೆ ಇಪ್ಪತ್ತೈದರಿಂದ ಐವತ್ತು ಡಾಲರ್ ತೆಗೆದುಕೊಳ್ಳುತ್ತಾರೆ. ನಿಮ್ಮದೇ ರಾಜ್ಯದ ಗೆಳೆಯನಾದರೂ ಕೆಲವು ರಾಜ್ಯಗಳಲ್ಲಿ ಅಂಗಡಿಯ ಮೂಲಕವೇ ಹೋಗಬೇಕು. ಮತ್ತೆ, ಆ ಗೆಳೆಯನ ವೀಸಾ ಯಾವುದು ಎಂದು ಮೊದಲು ಕೇಳಿ.